ಕೀಮೋ ನಡುವೆ ನನ್ನ ನೋವಿನ ಲೆಕ್ಕ

ಅನ್ನನಾಳದ ಕ್ಯಾನ್ಸರ್‌ಗೆ ನನಗೆ ಕೊಟ್ಟಿದ್ದು ಫ್ಲಾಟ್ (FLOT) ಎಂಬ ಕೀಮೋ. ನಾಲ್ಕು ಔಷಧಿ ಸೇರಿದ್ದು, 2 ವಾರಕ್ಕೊಮ್ಮೆ. ಶುರುವಾಗುವ ಮುಂಚೆ ನುಂಗುವಾಗ ಎದೆಮೂಳೆಯ ಹಿಂದೆ ಹಿಂಡುತ್ತಿತ್ತು. ಬೆನ್ನಲ್ಲಿ, ರೆಕ್ಕೆ ಮೂಳೆಗಳ ನಡುವೆ, ಮಂದವಾಗಿ ಕೊರೆಯುತ್ತಿತ್ತು.

ಡಾಕ್ಟರು ಪ್ರತಿ ಸಲ ‘0ಯಿಂದ 10ರೊಳಗೆ ನೋವು ಎಷ್ಟು?’ ಅಂತ ಕೇಳುತ್ತಿದ್ದರು. ಬರೀ ನಂಬರು ಸಾಲದು ಅನ್ನಿಸಿತು. ಒಂದು ನೋಟ್‌ಬುಕ್‌ನಲ್ಲಿ ನೋವು ಎಲ್ಲಿ, ಹೇಗೆ, ಕೀಮೋ ಆದ ಎಷ್ಟನೇ ದಿನ, ಯಾವ ಮಾತ್ರೆಗೆ ಇಳಿಯಿತು ಅಂತ ಬರೆಯತೊಡಗಿದೆ.

ಗಡ್ಡೆ ಕುಗ್ಗುತ್ತಾ ಬಂದ ಹಾಗೆ ನುಂಗುವುದು ಸಲೀಸಾಯಿತು. ಆದರೆ ಹೊಸ ನೋವುಗಳು ಬಂದವು. ಆ ನಾಲ್ಕು ಔಷಧಿಗಳಲ್ಲಿ ಒಂದಾದ ಆಕ್ಸಾಲಿಪ್ಲಾಟಿನ್ ಹಾಕಿದ ಮೇಲೆ ತಣ್ಣಗಿನದ್ದು ಮುಟ್ಟಿದರೆ ಬೆರಳು ಜುಮ್ ಅನ್ನುತ್ತಿತ್ತು. ತಣ್ಣೀರು ಕುಡಿದರೆ ಗಂಟಲು ಹಿಡಿದುಕೊಂಡು ಉಸಿರೇ ಸಿಗದ ಹಾಗೆ ಆಗುತ್ತಿತ್ತು. ಮೊದಲೇ ಗಂಟಲಿನ ಭಯ ಇರುವವರಿಗೆ ಇದು ಕೈಕಾಲು ನಡುಗಿಸುತ್ತದೆ. ಕೆಲವು ದಿನಕ್ಕೆ ತಾನಾಗಿ ಹೋಗುತ್ತಿತ್ತು; ಅಲ್ಲಿವರೆಗೆ ಉಗುರುಬೆಚ್ಚನೆ ನೀರೇ ಗತಿ. ಬಿಳಿ ರಕ್ತಕಣ ಹೆಚ್ಚಿಸುವ ಇಂಜೆಕ್ಷನ್ ಆದ ಮೇಲೆ ಸೊಂಟದ ಮೂಳೆ ಮಿಡಿಯುತ್ತಿತ್ತು. ಮಜ್ಜೆ ಕೆಲಸ ಮಾಡುತ್ತಿದೆ ಅಂತ ಗೊತ್ತಿದ್ದರೂ ರಾತ್ರಿ ನಿದ್ದೆ ಬರಬೇಕಲ್ವಾ!

ನಡುವೆ ಒಮ್ಮೆ ನುಂಗುವ ನೋವು ಮತ್ತೆ ಶುರುವಾಯಿತು. ಗಡ್ಡೆ ಬೆಳೆಯಿತು ಅಂತಲೇ ಮನೆಯವರೆಲ್ಲ ಹೆದರಿದರು. ನೋಟ್‌ಬುಕ್ ತಿರುವಿದೆ. ಹಳೆಯದು ಒಂದೇ ಜಾಗದಲ್ಲಿ ಹಿಂಡುವ ನೋವು, ತಿನ್ನುವುದು ಅಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಇದು ಗಂಟಲಿಂದ ಕೆಳಗಿನವರೆಗೆ ಉರಿ, ನೀರಿಗೂ ಉರಿ. ನಾಲಿಗೆ ಮೇಲೆ ಬಿಳಿ ಪದರ ಬೇರೆ. ಹಾಗೇ ಡಾಕ್ಟರಿಗೆ ಓದಿ ಹೇಳಿದೆ. ಅವರು ಬಾಯಿ ನೋಡಿ, ಫಂಗಸ್ ಸೋಂಕು ಅಂದರು. ಅದರ ಔಷಧಿ ಶುರು ಮಾಡಿದ ಮೇಲೆ ಉರಿ ಇಳಿಯಿತು. ನೋವು ಜಾಸ್ತಿಯಾದರೆ ಗಡ್ಡೆ ಬೆಳೆದಿದೆ, ಕಡಿಮೆಯಾದರೆ ಕೀಮೋ ಹಿಡಿದಿದೆ ಅಂತ ಸುಮ್ನೆ ತೀರ್ಮಾನ ಮಾಡಬಾರದು. ಅದನ್ನು ಹೇಳಬೇಕಾದ್ದು ಸ್ಕ್ಯಾನ್.

ಪ್ಯಾರಸಿಟಮಾಲ್ ನುಂಗುವ ಮುಂಚೆ ಥರ್ಮಾಮೀಟರ್ ಇಡುತ್ತಿದ್ದೆ. ಆ ಮಾತ್ರೆ ಜ್ವರವನ್ನು ಮುಚ್ಚಿಬಿಡುತ್ತದೆ. 38 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮಾತ್ರೆ ಇಲ್ಲ, ನೇರ ಆಸ್ಪತ್ರೆಗೆ ಫೋನ್. ನೋವಿಗೆ ಮಾರ್ಫಿನ್ ಕೊಟ್ಟಾಗ, ಅದರಿಂದ ಆಗುವ ಮಲಬದ್ಧತೆಗೂ ಅಂದೇ ಔಷಧಿ ಬರೆಸಿಕೊಂಡೆ. ಎದೆಯಲ್ಲಿ ಇದ್ದಕ್ಕಿದ್ದಂತೆ ಇರಿದ ಹಾಗೆ ನೋವು, ರಕ್ತ ವಾಂತಿ, ಕಪ್ಪು ಮಲ ಕಂಡರೆ ಬರೆಯುತ್ತಾ ಕೂರಬಾರದು, ತುರ್ತು ಚಿಕಿತ್ಸೆಗೆ ಹೊರಡಬೇಕು.

ಕೊನೆಕೊನೆಗೆ ಬೆರಳಿನ ಜೋಮು ಮುಂದಿನ ಕೀಮೋವರೆಗೂ ಹೋಗುತ್ತಿರಲಿಲ್ಲ. ನೋವಲ್ಲವಲ್ಲ ಅಂತ ಬಿಡಬಹುದಿತ್ತು. ಶರ್ಟಿನ ಗುಂಡಿ ಹಾಕಲು ತಡವಾಗುತ್ತಿದೆ ಅಂತ ಬರೆದಿದ್ದನ್ನು ನೋಡಿಯೇ ಡಾಕ್ಟರು ಆಕ್ಸಾಲಿಪ್ಲಾಟಿನ್ ಡೋಸ್ ಇಳಿಸಿದರು.