ಎನ್‌ಎಫ್‌ಎಲ್‌ನಲ್ಲಿ ಡಿಫೆನ್ಸ್ ಕೋಚ್ ಆಗಬೇಕಾ? ಮೊದಲು ವಿಡಿಯೋ ಮುಂದೆ ಕೂತು ಬರೆಯಿರಿ

"ನಾನು ಅಂಥ ದೊಡ್ಡ ಆಟಗಾರ ಏನಲ್ಲ, ಆದರೂ ಕೋಚ್ ಆಗಬಹುದಾ?" ಅಂತ ಅಮೆರಿಕದಲ್ಲಿ ಬೆಳೆಯುವ ನಮ್ಮ ಮಕ್ಕಳು ಕೇಳಿದರೆ, ನನ್ನ ಉತ್ತರ ಖಂಡಿತ ಆಗಬಹುದು ಅಂತಲೇ. ಹೆಸರಾಂತ ಡಿಫೆನ್ಸ್ ಕೋಚ್ ವಿಕ್ ಫಾಂಜಿಯೊ, ಅಮೆರಿಕನ್ ಫುಟ್‌ಬಾಲ್‌ನ ದೊಡ್ಡ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಒಂದು ಪಂದ್ಯವನ್ನೂ ಆಡಿದವರಲ್ಲ. ಪೆನ್ಸಿಲ್ವೇನಿಯಾದ ಡನ್ಮೋರ್ ಅವರ ಊರು, ಅಲ್ಲಿನ ಹೈಸ್ಕೂಲಲ್ಲೇ ಕೋಚಿಂಗ್ ಶುರು ಮಾಡಿದರು. 1986ರಲ್ಲಿ ನ್ಯೂ ಆರ್ಲಿಯನ್ಸ್ ಸೇಂಟ್ಸ್ ತಂಡದ ಲೈನ್‌ಬ್ಯಾಕರ್‌ಗಳ (ಡಿಫೆನ್ಸ್‌ನ ಮಧ್ಯದ ಸಾಲಿನವರ) ಕೋಚ್, 1995ರಲ್ಲಿ ಕೆರೊಲೈನಾ ಪ್ಯಾಂಥರ್ಸ್‌ನ ಡಿಫೆನ್ಸಿವ್ ಕೋಆರ್ಡಿನೇಟರ್, ಅಂದರೆ ಎದುರಾಳಿಯನ್ನು ತಡೆಯುವ ಇಡೀ ಪಡೆಯ ಹೊಣೆ ಹೊತ್ತವರು. ಹೆಡ್ ಕೋಚ್ ಆಗುವ ಹೊತ್ತಿಗೆ ವಯಸ್ಸು 60! 2025ರ ಫೆಬ್ರವರಿಯ ಸೂಪರ್ ಬೌಲ್‌ನಲ್ಲಿ (ಎನ್‌ಎಫ್‌ಎಲ್ ಫೈನಲ್) ಅವರ ಫಿಲಡೆಲ್ಫಿಯಾ ಈಗಲ್ಸ್ ಡಿಫೆನ್ಸ್ ಎದುರಾಳಿ ತಂಡದ ಕ್ವಾರ್ಟರ್‌ಬ್ಯಾಕ್ (ಪಾಸ್ ಎಸೆಯುವವ) ಪ್ಯಾಟ್ರಿಕ್ ಮಹೋಮ್ಸ್ ಅವರನ್ನು 6 ಸಲ ಕೆಡವಿತು, ಅದೂ ಒಂದೇ ಒಂದು ಬ್ಲಿಟ್ಜ್ ಮಾಡದೆ, ಅಂದರೆ ನಾಲ್ಕಕ್ಕಿಂತ ಹೆಚ್ಚು ಜನರನ್ನು ಅವರ ಮೇಲೆ ನುಗ್ಗಿಸದೆ. ಮುಂದೆ ನಾಲ್ಕು ಜನ ನುಗ್ಗಿದರೆ ಹಿಂದೆ ಏಳು ಜನ ಪಾಸ್ ಕಾಯುತ್ತಿದ್ದರು.

ಈ ಕೆಲಸಕ್ಕೆ ಮೆಟ್ಟಿಲುಗಳಿವೆ. ಕಾಲೇಜಿನಲ್ಲಿ ಓದುತ್ತಲೇ ತಂಡಕ್ಕೆ ದುಡಿಯುವ ಗ್ರಾಜುಯೇಟ್ ಅಸಿಸ್ಟೆಂಟ್, ಆಮೇಲೆ ಪ್ರೊ ತಂಡದಲ್ಲಿ ಕ್ವಾಲಿಟಿ ಕಂಟ್ರೋಲ್ ಕೋಚ್ (ವಿಡಿಯೋ ನೋಡಿ ಟಿಪ್ಪಣಿ ತೆಗೆಯುವ ಕಿರಿಯ ಕೋಚ್), ಆಮೇಲೆ ಲೈನ್‌ಬ್ಯಾಕರ್‌ಗಳನ್ನೋ ಕಾರ್ನರ್‌ಬ್ಯಾಕ್‌ಗಳನ್ನೋ (ಪಾಸ್ ಹಿಡಿಯುವವರನ್ನು ಅಂಚಿನಲ್ಲಿ ಕಾಯುವವರು) ನೋಡಿಕೊಳ್ಳುವ ಕೋಚ್, ಕೊನೆಗೆ ಕೋಆರ್ಡಿನೇಟರ್. ಕೆಳಗಿನ ಮೆಟ್ಟಿಲಲ್ಲಿ ಸಂಬಳ ಕಡಿಮೆ, ಕೆಲಸ ಜಾಸ್ತಿ. 1975ರಲ್ಲಿ, ಮುಂದೆ ಹೆಸರಾಂತ ಕೋಚ್ ಆದ ಬಿಲ್ ಬೆಲಿಚಿಕ್ ಬಾಲ್ಟಿಮೋರ್ ಕೋಲ್ಟ್ಸ್‌ಗೆ ಸೇರಿದಾಗ ಸಿಗುತ್ತಿದ್ದದ್ದು ವಾರಕ್ಕೆ 25 ಡಾಲರ್. ಎದುರಾಳಿ ತಂಡದ ಫಿಲ್ಮ್ ನೋಡಿ ನೋಡಿ ಬಿಡಿಸಿ ಬರೆಯುವುದು ಅವರ ಕೆಲಸವಾಗಿತ್ತು.

ಇದನ್ನು ನೀವು ಇವತ್ತೇ ಮನೆಯಲ್ಲಿ ಶುರು ಮಾಡಬಹುದು. ಯಾವುದಾದರೂ ಒಂದು ಪಂದ್ಯ ಹಾಕಿ. ಮೈದಾನದ 22 ಜನವೂ ಕಾಣುವ ಆಲ್-22 ವಿಡಿಯೋ ಸಿಕ್ಕರೆ ಇನ್ನೂ ಒಳ್ಳೆಯದು. ಚೆಂಡು ಹಿಂದಕ್ಕೆ ಕೊಡುವ ಮುಂಚೆ ನಿಲ್ಲಿಸಿ. ಮೂರನೇ ಡೌನ್ (10 ಯಾರ್ಡ್ ಸಾಗಲು ಸಿಗುವ ನಾಲ್ಕು ಯತ್ನಗಳಲ್ಲಿ ಮೂರನೆಯದು), ಇನ್ನೂ 7 ಯಾರ್ಡ್ ಬೇಕು, ಚೆಂಡು ಎಡಗಡೆ ಇದೆ ಅಂತಿಟ್ಟುಕೊಳ್ಳಿ. ಅಷ್ಟನ್ನೂ ಬರೆಯಿರಿ. ಈಗ ಎಣಿಸಿ: ರನ್ನಿಂಗ್ ಬ್ಯಾಕ್ (ಚೆಂಡು ಹಿಡಿದು ಓಡುವವ) ಒಬ್ಬ, ಟೈಟ್ ಎಂಡ್ (ಎದುರಾಳಿಯನ್ನು ತಡೆಯುವ, ಪಾಸನ್ನೂ ಹಿಡಿಯುವವ) ಒಬ್ಬ. ಇದನ್ನು "11" ಅಂತ ಬರೆಯುತ್ತಾರೆ, ಉಳಿದ ಮೂವರು ರಿಸೀವರ್‌ಗಳು ಅಂತ ತಾನೇ ಗೊತ್ತಾಗುತ್ತದೆ. ಯಾರಾದರೂ ಅಡ್ಡ ಓಡಿ ಜಾಗ ಬದಲಿಸಿದರಾ? ಅದೂ ಬರಲಿ. ಈಗ ಓಟವೋ ಪಾಸೋ ಅಂತ ನಿಮ್ಮ ಊಹೆ ಬರೆದು, ಆಮೇಲಷ್ಟೇ ಪ್ಲೇ ಒತ್ತಿ. ಚೆಂಡಿನ ಹಿಂದೆ ಕಣ್ಣು ಹೋಗುತ್ತದೆ, ಹೋಗಲು ಬಿಡಬೇಡಿ, ಮೊದಲ ಸಲ ಡಿಫೆನ್ಸ್‌ನಲ್ಲಿ ಎಲ್ಲರಿಗಿಂತ ಹಿಂದೆ ನಿಂತ ಇಬ್ಬರು ಸೇಫ್ಟಿಗಳನ್ನು ಮಾತ್ರ ನೋಡಿ. ಒಂದೇ ತಂಡದ ಹತ್ತು ಪಂದ್ಯ ಹೀಗೆ ಬರೆದರೆ, ಯಾವ ಸಂದರ್ಭದಲ್ಲಿ ಅವರು ಏನು ಮಾಡುತ್ತಾರೆ ಅನ್ನುವುದು ಕಾಗದದ ಮೇಲೆ ತಾನಾಗೇ ಎದ್ದು ಕಾಣುತ್ತದೆ.

ಕಂಡದ್ದನ್ನು ಆಟಗಾರರಿಗೆ ಒಪ್ಪಿಸುವುದು ಇನ್ನೂ ಕಷ್ಟ. 1991ರ ಜನವರಿಯ ಸೂಪರ್ ಬೌಲ್‌ಗೆ ಬೆಲಿಚಿಕ್ ನ್ಯೂಯಾರ್ಕ್ ಜೈಂಟ್ಸ್‌ನ ಡಿಫೆನ್ಸಿವ್ ಕೋಆರ್ಡಿನೇಟರ್. ಎದುರಾಳಿ ಬಫಲೋದ ರನ್ನಿಂಗ್ ಬ್ಯಾಕ್ ಥರ್ಮನ್ ಥಾಮಸ್ ಓಡಿದರೆ ಓಡಲಿ, 100 ಯಾರ್ಡ್ ದಾಟಿದರೂ ಪರವಾಗಿಲ್ಲ, ಪಾಸ್ ಹಿಡಿಯುವವರನ್ನು ಬಿಡಬೇಡಿ ಅಂದರು. ಓಟ ತಡೆಯುವುದನ್ನೇ ಹೆಮ್ಮೆ ಅಂದುಕೊಂಡ ಹುಡುಗರಿಗೆ ಈ ಮಾತು ಹೇಗೆ ರುಚಿಸಬೇಕು ಹೇಳಿ? ಥಾಮಸ್ 135 ಯಾರ್ಡ್ ಓಡಿದರು. ಜೈಂಟ್ಸ್ 20-19ರಲ್ಲಿ ಗೆದ್ದಿತು. ಆ ಪ್ಲಾನ್ ಈಗ ಒಹಾಯೋದ ಕ್ಯಾಂಟನ್‌ನ ಹಾಲ್ ಆಫ್ ಫೇಮ್‌ನಲ್ಲಿದೆ.

ಇನ್ನೊಂದು ಅಭ್ಯಾಸ, ಬೇಗ ಮಾತಾಡುವುದು. 2008ರಿಂದ ಡಿಫೆನ್ಸ್‌ನ ಒಬ್ಬ ಆಟಗಾರನ ಹೆಲ್ಮೆಟ್‌ನಲ್ಲೂ ರೇಡಿಯೋ ಇರುತ್ತದೆ, ಹಿಂದೆ ಹಸಿರು ಚುಕ್ಕೆ ನೋಡಿರುತ್ತೀರಿ ಅಲ್ವಾ? ಮುಂದಿನ ಆಟ ಶುರು ಮಾಡಲು ಕೊಡುವ ಸಮಯ ಎಣಿಸುವ ಗಡಿಯಾರದಲ್ಲಿ 15 ಸೆಕೆಂಡ್ ಉಳಿದಾಗ ಅದು ಬಂದ್ ಆಗುತ್ತದೆ. ಅಷ್ಟರೊಳಗೆ ಎದುರಿಗೆ ಯಾರು ಬಂದರು ನೋಡಿ, ನಿರ್ಧಾರ ಮಾಡಿ, ತಪ್ಪಿಲ್ಲದೆ ಹೇಳಿ ಮುಗಿಸಬೇಕು.

ಮನೆಯವರ ಜೊತೆ ಮೊದಲೇ ಮಾತಾಡಿಕೊಳ್ಳಿ, ಊರು ಬದಲಿಸುತ್ತಲೇ ಇರಬೇಕಾಗುತ್ತದೆ. ಫಾಂಜಿಯೊ ನ್ಯೂ ಆರ್ಲಿಯನ್ಸ್ ಆದ ಮೇಲೆ ಇಂಡಿಯಾನಾಪೊಲಿಸ್, ಹ್ಯೂಸ್ಟನ್, ಬಾಲ್ಟಿಮೋರ್, ಶಿಕಾಗೊ, ಡೆನ್ವರ್, ಮಯಾಮಿ ಅಂತ ಎಷ್ಟು ಕಡೆ ಗಂಟುಮೂಟೆ ಕಟ್ಟಿದ್ದಾರೆ ನೋಡಿ. ಸೀಸನ್ ಮುಗಿದ ಕೂಡಲೇ ಹೆಡ್ ಕೋಚ್‌ನನ್ನು ತೆಗೆದರೆ ಅವರ ಕೆಳಗಿನವರ ಕೆಲಸವೂ ಅಲುಗಾಡುತ್ತದೆ.

ಕೆಲಸ ಹುಡುಕುವ ತಿಂಗಳು ಜನವರಿ. ಅಮೆರಿಕದ ಫುಟ್‌ಬಾಲ್ ಕೋಚ್‌ಗಳ ಸಂಘದ ಸಮಾವೇಶ ಆಗಲೇ ನಡೆಯುತ್ತದೆ, ಕಾಲೇಜು ಕೋಚ್‌ಗಳು ನೂರಾರು ಜನ ಅಲ್ಲೇ ಸಿಗುತ್ತಾರೆ. ಸುಮ್ನೆ ಬಯೋಡೇಟಾ ಹಿಡಿದು ನಿಲ್ಲಬೇಡಿ. ಹತ್ತು ಪಂದ್ಯ ಬರೆದ ನಿಮ್ಮ ನೋಟ್‌ಬುಕ್ ತೆಗೆದುಕೊಂಡು ಹೋಗಿ, ಅದರಲ್ಲಿ ಒಂದು ಪುಟ ತೆರೆದು ತೋರಿಸಿ.