ಅಪ್ಪನ ಗೋಡೆಗೆ ಮತ್ತೆ ಸುಣ್ಣದ ಗಾರೆ: ನನ್ನ ಅನುಭವ

ಅಪ್ಪ ತೀರಿಕೊಂಡು ಐದು ವರ್ಷವಾಯಿತು. ಕುಂದಾಪುರದ ಕಡೆ ಐವತ್ತು ಅರವತ್ತು ಮನೆ ಕಟ್ಟಿದ ಮೇಸ್ತ್ರಿ ಅವರು. ಹೆಚ್ಚಿನವು ಮುರಕಲ್ಲಿನವು (ಕೆಂಪು ಜಂಬಿಟ್ಟಿಗೆ ಕಲ್ಲು), ಚಿಪ್ಪಿ ಸುಟ್ಟು ಮಾಡುವ ಸುಣ್ಣದ ಗಾರೆಯವು. ನಮ್ಮ ಮನೆ ಕಟ್ಟಿದ್ದು 1974ರಲ್ಲಿ. ಅದಕ್ಕೆ ಸಿಮೆಂಟ್ ಬಳಿಸಿದವನು ನಾನು, 1998ರಲ್ಲಿ, ನನ್ನ ಮೊದಲ ಕಾಂಟ್ರಾಕ್ಟಿನ ದುಡ್ಡಲ್ಲಿ. ಅಪ್ಪ ಬೇಡ ಅನ್ನಲಿಲ್ಲ. ಸುಮ್ನೆ ಕೂತು ಹೊಯ್ಗೆ (ಮರಳು) ಜರಡಿ ಹಿಡಿದುಕೊಟ್ಟರು.

ಆಮೇಲೆ ಏನಾಗುತ್ತದೆ ಅಂತ ಈ ಕೆಲಸದವರಿಗೆ ಹೇಳಬೇಕಿಲ್ಲ. ನೆಲದ ತೇವ ಕಲ್ಲಿಗೆ ಏರಿತು, ಸಿಮೆಂಟ್ ಅಡ್ಡ ಇದ್ದದ್ದಕ್ಕೆ ಹೊರಗೆ ಬರಲು ದಾರಿ ಸಿಗಲಿಲ್ಲ. ಪ್ರತಿ ಮಳೆಗಾಲ ಮೊಣಕಾಲೆತ್ತರದವರೆಗೆ ಪ್ಲಾಸ್ಟರ್ ಉಬ್ಬಿ ಉದುರುತ್ತಿತ್ತು. ವಾಟರ್‌ಪ್ರೂಫ್ ಅಂತ ಎರಡು ಸಲ ಬಳಿಸಿ ಸುಮಾರು 60 ಸಾವಿರ ಕಳೆದೆ. ಕೊನೆಗೆ, ಸಿಮೆಂಟ್ ಕಿತ್ತು ಅಪ್ಪನ ಗಾರೆಯನ್ನೇ ಹಾಕುತ್ತೇನೆ ಅಂದೆ. "ಅಷ್ಟು ದುಡ್ಡಿಗೆ ಚಂದ ಮಾಡಿ ಟೈಲ್ಸ್ ಹೊಡೆಸಬಹುದಲ್ಲ ಮಾರಾಯ" ಅಂದರು ಭಾವ. ನನ್ನ ಜೊತೆಗಿನ ಹುಡುಗರೂ ನಕ್ಕರು. ಈಗ ಎರಡು ಮಳೆಗಾಲ ಕಳೆದಿದೆ. ಗೋಡೆ ಒಣಗಿಯೇ ಇದೆ. ಅದಕ್ಕೇ ಬರೆಯುತ್ತಿದ್ದೇನೆ.

ಸಿಮೆಂಟ್ ಕಿತ್ತಿದ್ದು ಉಳಿಯಲ್ಲೇ. ಬ್ರೇಕರ್ ಮೆಷಿನ್ ಹಾಕಿದರೆ ಮುರಕಲ್ಲು ಪುಡಿಯಾಗುತ್ತದೆ. ಇಬ್ಬರು ಹತ್ತು ಹನ್ನೊಂದು ದಿನ ಕಿತ್ತರು. ಜಗಲಿಯ ಗೋಡೆಯಲ್ಲಿ ಅಪ್ಪನ ಹಳೇ ಗಾರೆ ಗಟ್ಟಿಯಾಗಿ ಕೂತಿತ್ತು. ಸಿಮೆಂಟ್ ಹಿಡಿಯಲಿ ಅಂತ ನಾನೇ ಹೊಡೆಸಿದ್ದ ಕಚ್ಚುಗಳ ನಡುವೆ ಅವರ ಕರಣೆಯ ಗೆರೆಗಳು ಕಂಡವು. ನಾವು ಎಳೆಯುವ ಗೆರೆಗೆ ಉಲ್ಟಾ ಬಾಗಿದ್ದವು. ಅಪ್ಪ ಎಡಚರು. ಗೆರೆ ಮೇಲೆ ಎಡಗೈ ಇಟ್ಟು ಸವರಿದೆ, ಅಂಗೈ ಸರಿಯಾಗಿ ಅದೇ ದಾರಿಯಲ್ಲಿ ಜಾರಿತು. ಅವತ್ತು ಮತ್ತೆ ಉಳಿ ಮುಟ್ಟಲಿಲ್ಲ.

ಮೊದಲ ಸಲ ಅಂಗಡಿಯ ಚೀಲದ ಪುಡಿ ಸುಣ್ಣ ತಂದು ಕೆಟ್ಟೆ. ಹಳೇ ಸರಕು, ಗಾಳಿ ಕುಡಿದು ಸತ್ತಿತ್ತು. ಹದಿನೈದು ದಿನ ಬಿಟ್ಟು ಉಗುರಲ್ಲಿ ಕೆರೆದರೆ ಹಿಟ್ಟು. 14 ಸಾವಿರ ಹೋಯಿತು. ಎರಡನೇ ಸಲ ಹೊಳೆ ಬಾಯಿಯ ಹೊಯ್ಗೆ ಅಗ್ಗಕ್ಕೆ ಸಿಕ್ಕಿತು ಅಂತ ತಂದೆ. ಉಪ್ಪು ಇತ್ತು, ಗೋಡೆ ತುಂಬಾ ಬಿಳಿ ಹೂವು ಬಿಟ್ಟಿತು. ಮೂರನೇ ಸಲ ಗಾರೆಗೆ ಬೆರೆಸುವ ಬೆಲ್ಲ ಜಾಸ್ತಿ ಮಾಡಿದೆ. ಗಾರೆ ವಾರವಾದರೂ ಮೆತ್ತಗೆ, ಮೇಲೆ ಇರುವೆಯ ಸಾಲು. ಇಷ್ಟರಲ್ಲಿ ಒಟ್ಟು 40 ಸಾವಿರದ ಹತ್ತಿರ ಮಣ್ಣಾಗಿತ್ತು. ಭಾವ ಟೈಲ್ಸಿನ ಕ್ಯಾಟಲಾಗ್ ತಂದು ಮೇಜಿನ ಮೇಲಿಟ್ಟು ಹೋದರು.

ಆಗ ಅಮ್ಮ ಹೇಳಿದ ಮಾತು ಕೆಲಸಕ್ಕೆ ಬಂತು. "ನಿನ್ನ ಅಪ್ಪ ಸುಣ್ಣ ನೀರಿಗೆ ಹಾಕಿದ ಮೇಲೆ ಒಂದು ತಿಂಗಳು ಆ ಗುಂಡಿ ಕಡೆ ತಲೆ ಹಾಕ್ತಿರಲಿಲ್ಲ" ಅಂದಳು. ನಾನು ಐದೇ ದಿನಕ್ಕೆ ತೆಗೆಯುತ್ತಿದ್ದೆ. ಸುಣ್ಣದ ಗೂಡಿನಿಂದ ಆಗಷ್ಟೇ ಸುಟ್ಟ ಚಿಪ್ಪಿ ಸುಣ್ಣ ತರಿಸಿದೆ. ನೀರಿಗೆ ಹಾಕಿ ಕುದಿಸಿ, ಸೋಸಿ, ಮೇಲೆ ಒಂದು ಗೇಣು ನೀರು ನಿಲ್ಲಿಸಿ ಆರು ವಾರ ಬಿಟ್ಟೆ. ತೆಗೆದಾಗ ಬೆಣ್ಣೆಯ ಹಾಗಿತ್ತು.

ಅಪ್ಪನ ಲೆಕ್ಕ ಬುಟ್ಟಿಯದ್ದು. ಒಂದು ಬುಟ್ಟಿ ಸುಣ್ಣಕ್ಕೆ ಎರಡೂವರೆ ಬುಟ್ಟಿ ಹೊಯ್ಗೆ. ಕರಣೆಯಲ್ಲಿ ಗಾರೆ ತೆಗೆದು ತಲೆಕೆಳಗೆ ಹಿಡಿದು ಹತ್ತು ಎಣಿಸುವುದು, ಬೀಳದಿದ್ದರೆ ಹದ ಬಂತು ಅಂತ. ನೆಲದಿಂದ ಎರಡಡಿ ಎತ್ತರದವರೆಗೆ ಒಡೆದ ಹೆಂಚಿನ ಪುಡಿ ಬೆರೆಸುತ್ತಿದ್ದರು. ತೇವದಲ್ಲೂ ಗಟ್ಟಿಯಾಗಲು ಅದು ಬೇಕೇ ಬೇಕು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ನಮ್ಮ ಕರಾವಳಿಯಲ್ಲಿ ಒಡೆದ ಹೆಂಚಿಗೆ ಬರವಿಲ್ಲ ಅಲ್ವಾ. ಅಪ್ಪ ಒಂದು ಚೂರನ್ನೂ ಬಿಸಾಡುತ್ತಿರಲಿಲ್ಲ. ಬಾವಿಕಟ್ಟೆ ಹಿಂದೆ ಅವರು ಪೇರಿಸಿಟ್ಟ ರಾಶಿ ಹಾಗೇ ಇತ್ತು. ಅದನ್ನೇ ಕುಟ್ಟಿಸಿದೆ. ಕೊನೆಗೆ ನಾಲ್ಕು ಬುಟ್ಟಿ ಮಿಕ್ಕಿತು.

ಮೂರು ಪದರ ಹಾಕಿದೆ. ಒಂದೊಂದರ ನಡುವೆ ಹತ್ತು ಹನ್ನೆರಡು ದಿನ. ಫೆಬ್ರವರಿ ಬಿಸಿಲಿಗೆ ಬಿರುಕು ಬಿಡದಂತೆ ಒದ್ದೆ ಗೋಣಿ ತೂಗುಹಾಕಿ ದಿನಕ್ಕೆ ನಾಲ್ಕು ಸಲ ನೀರು ಚಿಮುಕಿಸಿದೆ. ಬೆಲ್ಲದ ಅಳತೆಯನ್ನೂ, ಕೊನೇ ಪದರ ಉಜ್ಜುವಾಗ ಹಾಕುವ ನೀರಿನಲ್ಲಿ ಏನಿರುತ್ತದೆ ಅನ್ನುವುದನ್ನೂ ಇಲ್ಲಿ ಬರೆಯುವುದಿಲ್ಲ. ಅದು ಅಪ್ಪ ನನ್ನ ಕಿವಿಗೆ ಹೇಳಿದ್ದು. ಕಲಿಯುವ ಮನಸ್ಸಿದ್ದವರು ಬಂದು ಜೊತೆಯಲ್ಲಿ ಒಂದು ಗೋಡೆ ಉಜ್ಜಲಿ, ತೋರಿಸುತ್ತೇನೆ.

ಮಧ್ಯೆ ದನದ ಹಟ್ಟಿಯ ಗೋಡೆಯಲ್ಲಿ ಒಂದೊಂದು ಅಡಿ ಚೌಕದಲ್ಲಿ ಬೇರೆ ಬೇರೆ ಹಾಕಿ ನೋಡಿದೆ. ಉದ್ದಿನ ನೀರು ಬೆರೆಸಿದ್ದು ಮೂರು ದಿನ ನಾರಿತು, ಆದರೆ ನುಣುಪು ಚೆನ್ನಾಗಿ ಬಂತು. ಕತ್ತರಿಸಿದ ತೆಂಗಿನ ನಾರು ಹಾಕಿದಲ್ಲಿ ಒಂದೂ ಬಿರುಕಿಲ್ಲ, ಉಜ್ಜುವುದು ಮಾತ್ರ ಕಷ್ಟ. ಲೋಳೆಸರದ್ದು ಇನ್ನೊಂದು ಮಳೆಗಾಲ ನೋಡಬೇಕು.

ಸುಮಾರು 1,400 ಚದರಡಿಗೆ ಒಟ್ಟು ಒಂದು ಲಕ್ಷ 85 ಸಾವಿರ ಬಿತ್ತು, ಕೆಟ್ಟದ್ದೂ ಸೇರಿ. ಅರ್ಧಕ್ಕಿಂತ ಜಾಸ್ತಿ ಕೂಲಿಯೇ. ಸಿಮೆಂಟಿಗಿಂತ ದುಬಾರಿ, ನಿಜ. ಆದರೆ ಮೊನ್ನೆ ಆಷಾಢದ ಮಳೆಯಲ್ಲಿ ಭಾವ ಬಂದವರು ಜಗಲಿಯಲ್ಲಿ ಬನಿಯನ್ನಿನಲ್ಲೇ ಗೋಡೆಗೆ ಒರಗಿ ಕೂತರು. ಎದ್ದು ಬೆನ್ನು ಮುಟ್ಟಿ ನೋಡಿಕೊಂಡರು. ಒದ್ದೆ ಇರಲಿಲ್ಲ. ತಮ್ಮ ಮನೆಯ ಅಡುಗೆಕೋಣೆಗೆ ಎಷ್ಟು ಬೀಳಬಹುದು ಅಂತ ಕೇಳಿದರು.

ದೀಪಾವಳಿ ಕಳೆದ ಮೇಲೆ ಅವರದ್ದು ಹಿಡಿಯುತ್ತೇನೆ. ಸುಣ್ಣ ಆಗಲೇ ನೀರಿನಲ್ಲಿದೆ. ಹೆಂಚಿನ ಪುಡಿಗೆ ಅಪ್ಪನ ಆ ನಾಲ್ಕು ಬುಟ್ಟಿ ಸಾಕು.