ಬಂದೂಕಿನ ಹಕ್ಕನ್ನೂ ಅದರ ಬೆಲೆಯನ್ನೂ ತೂಗಿ ನೋಡುವ ಬಗೆ
ಅಮೆರಿಕದ ಬಂದೂಕಿನ ಹಕ್ಕು ಅದರಿಂದಾಗುವ ಸಾವುನೋವಿನ ಬೆಲೆ ತೆರುವಷ್ಟು ಯೋಗ್ಯವೇ ಎಂದು ತೀರ್ಮಾನಿಸುವ ಮೊದಲು ಸಾವುಗಳ ಲೆಕ್ಕವನ್ನು ಬಿಡಿಸಿ ನೋಡಿ. 2021ರಲ್ಲಿ ಅಲ್ಲಿ ಗುಂಡೇಟಿನಿಂದ ಸತ್ತ ಸುಮಾರು 48,800 ಮಂದಿಯಲ್ಲಿ 26,000ಕ್ಕೂ ಹೆಚ್ಚು ಜನರದು ಆತ್ಮಹತ್ಯೆ. ಸುದ್ದಿಯಾಗುವ ಸಾಮೂಹಿಕ ಹತ್ಯೆಗಳ ಪಾಲು ತೀರಾ ಚಿಕ್ಕದು. ಮಂಚದ ಪಕ್ಕದ ಖಾನೆಯಲ್ಲಿ ಗುಂಡು ತುಂಬಿಟ್ಟ ಪಿಸ್ತೂಲು ಕಳ್ಳ ಬಂದ ರಾತ್ರಿ ಕೈಗೆಟಕುತ್ತದೆ ನಿಜ, ಆದರೆ ಮನೆಯವರೊಬ್ಬರ ಮನಸ್ಸು ಕುಸಿದ ಗಳಿಗೆಯಲ್ಲೂ ಅಷ್ಟೇ ಸುಲಭವಾಗಿ ಕೈಗೆಟಕುತ್ತದೆ. ಆತ್ಮರಕ್ಷಣೆಯ ಪ್ರಯೋಜನವನ್ನೂ ಲೆಕ್ಕಕ್ಕೆ ಹಿಡಿಯಿರಿ (ಎಣಿಸುವುದು ಕಷ್ಟವೆಂದು ಅದನ್ನು ಸೊನ್ನೆ ಎನ್ನುವುದು ಅನ್ಯಾಯ). ಅಮೆರಿಕದ ಸಂವಿಧಾನದ 1791ರ ಎರಡನೇ ತಿದ್ದುಪಡಿ ಬಂದೂಕು ಹೊಂದುವ ವೈಯಕ್ತಿಕ ಹಕ್ಕನ್ನು ರಕ್ಷಿಸುತ್ತದೆಂದು 2008ರಲ್ಲಿ ಸಾರಿದ ಅಲ್ಲಿನ ಸುಪ್ರೀಂ ಕೋರ್ಟ್, ಆ ಹಕ್ಕು ಮಿತಿಯಿಲ್ಲದ್ದಲ್ಲವೆಂದೂ ಅದೇ ತೀರ್ಪಿನಲ್ಲಿ ಹೇಳಿದೆ. ಹಾಗಾಗಿ ಹಕ್ಕು ಬೇಕೇ ಬೇಡವೇ ಎನ್ನುವ ಬದಲು, ಬಂದೂಕಿಗೆ ಬೀಗ, ಕೊಳ್ಳುವವರ ಹಿನ್ನೆಲೆ ತಪಾಸಣೆ, ಖರೀದಿಗೆ ಕಾಯುವ ಅವಧಿ ಇವು ಯಾವ ಬಗೆಯ ಸಾವನ್ನು ತಡೆಯಬಲ್ಲವೆಂದು ಒಂದೊಂದಾಗಿ ಕೇಳಿ.